ಲಕ್ಷ್ಮೇಶ್ವರಕ್ಕೆ ಎಷ್ಟು ಯುನಿಟ್?

ಗದಗ-ಬೆಟಗೇರಿಯಲ್ಲಿ ಯಾರಾದರೂ ಹೊಸ ಕಾರು ತಂದು ಮನೆ ಮುಂದೆ ನಿಲ್ಲಿಸಿದರೆ, ಪೂಜೆ ಮುಗಿದು ಗಾಲಿ ಕೆಳಗಿನ ಲಿಂಬೆಹಣ್ಣು ಒಡೆಯುವ ಮೊದಲೇ ಓಣಿಯವರ ಪ್ರಶ್ನೆ ಬಂದಿರುತ್ತದೆ: ‘ಎವರೇಜ್ ಎಷ್ಟ್ ಕೊಡತೈತ್ರಿ?’ ಪೆಟ್ರೋಲ್ ಗಾಡಿಯಾದರೆ ಉತ್ತರ ಸಲೀಸು. ಊರಾಗ ಹದಿನೈದು, ಹೈವೇದಾಗ ಇಪ್ಪತ್ತು. ಕರೆಂಟಿನ ಗಾಡಿಯಾದರೆ ಮಾಲೀಕರು ತುಸು ತಡವರಿಸುತ್ತಾರೆ. ‘ಕಂಪನಿಯವರು ಮುನ್ನೂರು ಅಂತಾರ. ಖರೇ ಎಷ್ಟಂತ ಇನ್ನಾ ನೋಡಬೇಕ್ರಿ.’

ಈ ತಡವರಿಕೆಗೆ ಕಾರಣವಿದೆ. ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್ ಎಂಬುದು ಬರೀ ಗಾಡಿಯ ಗುಣವಲ್ಲ. ರಸ್ತೆ, ಏರಿಳಿತ, ಗಾಳಿ, ಬಿಸಿಲು, ಚಾಲಕನ ಕಾಲು ಎಲ್ಲವೂ ಕೂಡಿ ಅದು ನಿರ್ಧಾರವಾಗುತ್ತದೆ. ಪೆಟ್ರೋಲ್ ಗಾಡಿಗೂ ಇದೇ ನಿಯಮ. ಆದರೆ ಹತ್ತಾರು ಕಿಲೋಮೀಟರಿಗೊಂದು ಬಂಕ್ ಇರುವುದರಿಂದ ಆ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ. ಮುಂಡರಗಿಗೋ ಶಿರಹಟ್ಟಿಗೋ ಹೊರಟ ವಿದ್ಯುತ್ ಕಾರಿನವರಿಗೆ ಅದು ಬೇಕು. ಕಾರು ಓಡುತ್ತಿರುವಾಗಲೇ ಬ್ಯಾಟರಿಯಿಂದ ಎಷ್ಟು ಶಕ್ತಿ ಹೊರಟಿತು, ಎಷ್ಟು ಮರಳಿತು, ಬ್ಯಾಟರಿ ಎಷ್ಟು ಕಾದಿದೆ ಎಂಬುದನ್ನೆಲ್ಲ ತೋರಿಸುವ ಆ್ಯಪ್‌ಗಳು ಈಗ ಫೋನಿಗೆ ಬಂದಿವೆ. ಇವು ಆಟಿಕೆಯೂ ಆಗಬಹುದು, ತಲೆನೋವೂ ಆಗಬಹುದು. ಓದುವುದು ತಿಳಿದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಕಂಪನಿಯ ಜಾಹೀರಾತು ಹೇಳದ ಒಂದು ವಿಷಯವನ್ನು, ಅಂದರೆ ನಿಮ್ಮ ದಾರಿ ನಿಮ್ಮ ಗಾಡಿಗೆ ಎಷ್ಟು ದುಬಾರಿ ಎಂಬುದನ್ನು ಹೇಳುತ್ತವೆ.

ಯುನಿಟ್ ಎಂಬ ಅಳತೆ

ಮೊದಲು ಅಳತೆಯ ಮಾತು. ಹೆಸ್ಕಾಂ ಬಿಲ್ಲಿನಲ್ಲಿ ಬರುವ ಒಂದು ಯುನಿಟ್ ಅಂದರೆ ಒಂದು ಕಿಲೋವ್ಯಾಟ್-ಅವರ್. ಕಾರಿನ ಬ್ಯಾಟರಿಯನ್ನು ಅಳೆಯುವುದೂ ಇದರಲ್ಲೇ. 24 ಕಿಲೋವ್ಯಾಟ್-ಅವರ್ ಬ್ಯಾಟರಿ ಎಂದರೆ ಅದರಲ್ಲಿ 24 ಯುನಿಟ್ ಹಿಡಿಯುತ್ತದೆ. ಆ್ಯಪ್ ತೆರೆದಾಗ ಕಾಣುವ ಕಿಲೋವ್ಯಾಟ್ ಎಂಬ ಅಂಕಿ ಈ ಕ್ಷಣದ ಖರ್ಚಿನ ವೇಗ. 8 ಕಿಲೋವ್ಯಾಟ್ ಎಂದು ತೋರಿಸುತ್ತಿದ್ದರೆ, ಇದೇ ರೀತಿ ಒಂದು ತಾಸು ಓಡಿಸಿದರೆ 8 ಯುನಿಟ್ ಖಾಲಿ ಎಂದರ್ಥ. ಆ ಅಂಕಿ ಬರುವುದು ಸರಳ ಗುಣಾಕಾರದಿಂದ. ಬ್ಯಾಟರಿಯ ವೋಲ್ಟೇಜ್ 320, ಹರಿಯುತ್ತಿರುವ ಕರೆಂಟ್ 25 ಆಂಪಿಯರ್ ಆದರೆ, ಎರಡನ್ನೂ ಗುಣಿಸಿದಾಗ 8,000 ವ್ಯಾಟ್, ಅಂದರೆ 8 ಕಿಲೋವ್ಯಾಟ್.

ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಅದೇ ಅಂಕಿಯ ಮುಂದೆ ಮೈನಸ್ ಚಿಹ್ನೆ ಬರುತ್ತದೆ. ಆಗ ಮೋಟರ್ ಜನರೇಟರ್ ಆಗಿ ತಿರುಗಿ, ಗಾಡಿಯ ವೇಗವನ್ನೇ ಕರೆಂಟ್ ಮಾಡಿ ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಹಳ್ಳಿಗೊಂದರಂತೆ ಹಂಪ್ಸ್ ಇರುವ ನಮ್ಮ ರಸ್ತೆಗಳಲ್ಲಿ ಇದನ್ನು ಗಮನಿಸಬೇಕು. ಹಂಪ್ಸ್ ಹತ್ತಿರ ಬಂದ ಮೇಲೆ ಗಕ್ಕನೆ ಬ್ರೇಕ್ ತುಳಿಯುವವರಿಗೂ ದೂರದಿಂದಲೇ ಕಾಲು ಸಡಿಲಿಸುವವರಿಗೂ ಎಷ್ಟು ವ್ಯತ್ಯಾಸವೆಂದು ಆ ಮೈನಸ್ ಅಂಕಿ ಅಲ್ಲೇ ತೋರಿಸಿಬಿಡುತ್ತದೆ.

ಕ್ಷಣಕ್ಷಣದ ಕಿಲೋವ್ಯಾಟ್ ನೋಡುತ್ತ ಕೂತರೆ ಪ್ರಯೋಜನ ಕಡಿಮೆ, ಅದು ಕುಣಿಯುತ್ತಲೇ ಇರುತ್ತದೆ. ಕೆಲಸಕ್ಕೆ ಬರುವ ಅಂಕಿ, ಪ್ರಯಾಣ ಮುಗಿದಾಗ ಯುನಿಟ್‌ಗೆ ಎಷ್ಟು ಕಿಲೋಮೀಟರ್ ಬಂತು ಎಂಬುದು. ಓಣಿಯವರು ಕೇಳುವ ಎವರೇಜ್ ಇದೇ. ಹೆಚ್ಚಿನ ಆ್ಯಪ್‌ಗಳು ಇದನ್ನು ಕಿಲೋಮೀಟರಿಗೆ ಇಷ್ಟು ವ್ಯಾಟ್-ಅವರ್ ಎಂದು ತೋರಿಸುತ್ತವೆ. ಸಾವಿರವನ್ನು ಆ ಅಂಕಿಯಿಂದ ಭಾಗಿಸಿದರೆ ನಮ್ಮ ಎವರೇಜ್ ಸಿಗುತ್ತದೆ: 100 ಎಂದಿದ್ದರೆ ಯುನಿಟ್‌ಗೆ ಹತ್ತು ಕಿ.ಮೀ., 125 ಎಂದಿದ್ದರೆ ಎಂಟು.

ಅಂಕಿ ಬರುವ ಎರಡು ದಾರಿ

ಈ ಅಂಕಿಗಳು ಫೋನಿಗೆ ಬರಲು ಎರಡು ದಾರಿಗಳಿವೆ. ಎರಡರ ಸ್ವಭಾವವೂ ಬೇರೆ.

ಮೊದಲನೆಯದು ಕಂಪನಿಯ ದಾರಿ. ಕಾರಿನೊಳಗೆ ಸಿಮ್ ಇರುವ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದು ಬ್ಯಾಟರಿ ಎಷ್ಟಿದೆ, ಗಾಡಿ ಎಲ್ಲಿದೆ, ಬಾಗಿಲು ಹಾಕಿದೆಯೇ ಎಂಬ ವಿವರಗಳನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ಕಂಪನಿಯ ಸರ್ವರಿಗೆ ಕಳಿಸುತ್ತದೆ. ನಮ್ಮ ಫೋನಿನ ಆ್ಯಪ್ ಆ ಸರ್ವರನ್ನು ಕೇಳಿ ತಿಳಿದು ನಮಗೆ ಹೇಳುತ್ತದೆ. ಅಂದರೆ ಅಂಗಳದಲ್ಲಿ ನಿಂತ ಕಾರಿನ ಸುದ್ದಿ ದೂರದ ಸರ್ವರಿಗೆ ಹೋಗಿ ಪಡಸಾಲೆಗೆ ಬರುತ್ತದೆ. ಬೆಂಗಳೂರಿನಲ್ಲಿದ್ದುಕೊಂಡು ಮುಂಡರಗಿಯ ಮನೆ ಮುಂದಿನ ಕಾರು ಚಾರ್ಜ್ ಆಯಿತೇ ಎಂದು ನೋಡಲು ಇದು ಅನುಕೂಲ. ಆದರೆ ಇದನ್ನು ಪೂರ್ತಿ ‘ಲೈವ್’ ಎನ್ನಲಾಗದು, ಸುದ್ದಿ ಬರುವುದು ತಡೆತಡೆದು. ಕಪ್ಪತಗುಡ್ಡದ ಮಗ್ಗುಲಲ್ಲಿ ಸಿಗ್ನಲ್ ಹೋದರೆ ಆ್ಯಪ್ ಹಳೆಯ ಅಂಕಿಯನ್ನೇ ಹಿಡಿದು ನಿಲ್ಲುತ್ತದೆ. ಆದ್ದರಿಂದ ಅಂಕಿಯ ಜೊತೆಗೆ, ಅದು ಯಾವ ಹೊತ್ತಿನದು ಎಂಬುದನ್ನೂ ನೋಡಬೇಕು.

ಎರಡನೆಯದು ಸ್ಟೀರಿಂಗ್ ಕೆಳಗಿನ ದಾರಿ. ಕಾರಿನ ಬ್ಯಾಟರಿ, ಮೋಟರ್, ಬ್ರೇಕ್, ಎಸಿ ಇವುಗಳ ಕಂಪ್ಯೂಟರ್‌ಗಳು ತಮ್ಮೊಳಗೆ ಮಾತಾಡಿಕೊಳ್ಳಲು ಕ್ಯಾನ್ ಬಸ್ ಎಂಬ ತಂತಿ ಜಾಲವಿದೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿತು. ಮೆಕ್ಯಾನಿಕ್‌ಗಳು ಈ ಜಾಲಕ್ಕೆ ಯಂತ್ರ ಹಚ್ಚಿ ದೋಷ ಹುಡುಕಲೆಂದು 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ, ಅದೇ ಒಬಿಡಿ ಪೋರ್ಟ್. ಪೆಟ್ರೋಲ್ ಕಾರುಗಳ ಹೊಗೆ ತಪಾಸಣೆಗಾಗಿ ಅಮೆರಿಕ 1996ರಲ್ಲಿ ಒಬಿಡಿ-2 ಎಂಬ ಪದ್ಧತಿಯನ್ನು ಕಡ್ಡಾಯ ಮಾಡಿತು. ಹೊಗೆಯೇ ಇಲ್ಲದ ವಿದ್ಯುತ್ ಕಾರುಗಳಲ್ಲೂ ಆ ಸಾಕೆಟ್ ಸಾಮಾನ್ಯವಾಗಿ ಉಳಿದುಕೊಂಡಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬ್ಲೂಟೂತ್ ಡಾಂಗಲ್ ಅಲ್ಲಿ ಸಿಕ್ಕಿಸಿದರೆ ಅಂಕಿಗಳು ನೇರವಾಗಿ ಫೋನಿಗೆ ಬರುತ್ತವೆ. ನೆಟ್‌ವರ್ಕ್ ಬೇಡ, ಸರ್ವರ್ ಬೇಡ. ನಿಜವಾದ ಲೈವ್ ಎಂದರೆ ಇದು.

ಇದರಲ್ಲೂ ತೊಡಕುಗಳಿವೆ. ಡಾಂಗಲ್ ಒಂದೊಂದೇ ಪ್ರಶ್ನೆ ಕೇಳಿ ಒಂದೊಂದೇ ಉತ್ತರ ತರುತ್ತದೆ. ಪರದೆಯ ಮೇಲೆ ಹೆಚ್ಚು ಅಂಕಿ ಕೇಳಿದಷ್ಟೂ ಎಲ್ಲವೂ ನಿಧಾನ. ಬ್ಯಾಟರಿಯೊಳಗಿನ ವಿವರಗಳಿಗೆ ಪ್ರತಿ ಕಂಪನಿಯೂ ತನ್ನದೇ ಸಂಕೇತ ಇಟ್ಟುಕೊಂಡಿರುತ್ತದೆ, ಅವನ್ನು ಹೆಚ್ಚಾಗಿ ಹುಡುಕಿ ಹಂಚಿಕೊಂಡವರು ಹವ್ಯಾಸಿಗಳು. ಹೀಗಾಗಿ ಒಂದು ಕಾರಿಗೆ ಸರಿಬರುವ ಪಟ್ಟಿ ಇನ್ನೊಂದಕ್ಕೆ ಅರ್ಥವಿಲ್ಲದ ಅಂಕಿ ತೋರಿಸಬಹುದು. ಮತ್ತೂ ಒಂದು ಮಾತು: ಡಾಂಗಲ್ ಸದಾ ಹಚ್ಚಿಟ್ಟರೆ ಅದು ಕಾರಿನ ಸಣ್ಣ 12 ವೋಲ್ಟ್ ಬ್ಯಾಟರಿಯಿಂದ ಸ್ವಲ್ಪಸ್ವಲ್ಪವೇ ಹೀರುತ್ತಿರುತ್ತದೆ. ಆ ಸಣ್ಣ ಬ್ಯಾಟರಿ ಸತ್ತರೆ ಕೆಳಗಿನ ದೊಡ್ಡ ಬ್ಯಾಟರಿ ತುಂಬಿದ್ದರೂ ವಿದ್ಯುತ್ ಕಾರು ಸ್ಟಾರ್ಟ್ ಆಗುವುದಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಡಾಂಗಲ್ ಕಿತ್ತಿಡುವುದು ಒಳ್ಳೆಯದು. ವಾರಂಟಿ ಇರುವ ಗಾಡಿಯಾದರೆ ಹಚ್ಚುವ ಮೊದಲೇ ಶೋರೂಮಿನವರನ್ನು ಕೇಳಿಬಿಡಬೇಕು.

ಬೆಂಗಳೂರು ಹಾಕಿಕೊಟ್ಟ ದಾರಿ

ದೂರದಿಂದ ಕಾರಿನ ಬ್ಯಾಟರಿ ನೋಡುವ ಈ ವಿದ್ಯೆ ಹೊರಗಿನಿಂದ ಬಂದದ್ದು ಎಂದುಕೊಳ್ಳುವವರಿಗೆ ರೇವಾ ಕಾರಿನ ನೆನಪು ಮಾಡಬೇಕು. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಕಂಪನಿಯ ಜೊತೆ ಸೇರಿ 1994ರಲ್ಲಿ ರೇವಾ ಕಂಪನಿ ಕಟ್ಟಿತು. ಚೇತನ್ ಮೈನಿ ಅವರ ನೇತೃತ್ವದಲ್ಲಿ ಆ ಪುಟ್ಟ ಎರಡು ಬಾಗಿಲಿನ ಕಾರು 2001ರಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿಗಳು. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಎಂದು ಕಂಪನಿ ಹೇಳುತ್ತಿತ್ತು. ಲಂಡನ್ನಿನ ರಸ್ತೆಗಳಲ್ಲಿ ಇದೇ ಕಾರು ಜಿ-ವಿಜ್ ಎಂಬ ಹೆಸರಿನಿಂದ ಓಡಿತು.

2009ರಲ್ಲಿ ಫ್ರಾಂಕ್‌ಫರ್ಟ್ ಮೋಟರ್ ಮೇಳದಲ್ಲಿ ರೇವಾ ಕಂಪನಿ ರಿವೈವ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟಿತು. ದಾರಿ ಮಧ್ಯೆ ಚಾರ್ಜ್ ಮುಗಿದರೆ ಚಾಲಕರು ಕಂಪನಿಯ ಕೇಂದ್ರಕ್ಕೆ ಫೋನ್ ಮಾಡಬೇಕು ಅಥವಾ ಎಸ್ಸೆಮ್ಮೆಸ್ ಕಳಿಸಬೇಕು. ಅಲ್ಲಿನವರು ಬ್ಯಾಟರಿಯ ಅಂಕಿಗಳನ್ನು ದೂರದಿಂದಲೇ ನೋಡಿ, ಒಳಗೆ ಕಾಯ್ದಿರಿಸಿದ ಅಷ್ಟಿಷ್ಟು ಶಕ್ತಿಯನ್ನು ಬಿಡುಗಡೆ ಮಾಡುತ್ತಾರೆ, ಗಾಡಿ ಇನ್ನಷ್ಟು ದೂರ ಸಾಗುತ್ತದೆ. 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲು ಕೊಂಡಿತು. 2013ರ ಮಾರ್ಚ್‌ನಲ್ಲಿ ಬಂದ ಇ2ಒ ಕಾರಿನಲ್ಲಿ ಈ ವ್ಯವಸ್ಥೆಯ ಜೊತೆಗೆ ಫೋನ್ ಆ್ಯಪ್ ಕೂಡ ಇತ್ತು. ಚಾರ್ಜ್ ಎಷ್ಟಿದೆ ನೋಡುವುದು, ಕೂರುವ ಮೊದಲೇ ಎಸಿ ಹಚ್ಚುವುದು, ಬಾಗಿಲು ಹಾಕುವುದು ಎಲ್ಲವೂ ಫೋನಿನಿಂದಲೇ ಆಗುತ್ತಿತ್ತು. 2018ರಲ್ಲಿ ಬೆಂಗಳೂರಿನದೇ ಏಥರ್ ಕಂಪನಿ ತನ್ನ ಸ್ಕೂಟರಿಗೆ ಸಿಮ್ ಹಾಕಿ, ಸವಾರಿಯ ಲೆಕ್ಕವನ್ನು ಆ್ಯಪ್‌ಗೆ ತಂದಿತು. ನಮ್ಮ ಕಡೆ ಕಾರಿಗಿಂತ ಮೊದಲು ಓಣಿಗೆ ಬಂದದ್ದು ಸ್ಕೂಟರೇ ಆದ್ದರಿಂದ, ಲೈವ್ ಅಂಕಿಯ ರುಚಿ ನಮ್ಮ ಹುಡುಗರಿಗೆ ಹತ್ತಿದ್ದೂ ಅಲ್ಲಿಂದಲೇ.

ನಮ್ಮ ದಾರಿ, ನಮ್ಮ ಗಾಳಿ

ಈಗ ಅಂಕಿಗಳನ್ನು ನಮ್ಮ ರಸ್ತೆಗಿಳಿಸೋಣ. ಚಾಲಕನೂ ಸೇರಿ 1,400 ಕಿಲೋ ತೂಗುವ ಒಂದು ಸಣ್ಣ ಕಾರನ್ನು ಭೌತಶಾಸ್ತ್ರದ ಸೂತ್ರಕ್ಕೆ ಹಾಕಿ ನೋಡಿದರೆ, ಸಮತಟ್ಟಾದ ರಸ್ತೆ, ಗಾಳಿ ಇಲ್ಲ, ಎಸಿ ಬಂದ್ ಎಂದಿಟ್ಟುಕೊಂಡಾಗ, ತಾಸಿಗೆ 60 ಕಿ.ಮೀ. ವೇಗದಲ್ಲಿ ಯುನಿಟ್‌ಗೆ ಸುಮಾರು 11 ಕಿ.ಮೀ. ಬರುತ್ತದೆ. 80ರಲ್ಲಿ ಎಂಟೂವರೆಯಿಂದ ಒಂಬತ್ತು. 100ರಲ್ಲಿ ಆರೂವರೆಯಿಂದ ಏಳು. ವೇಗ ಏರಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ, ಕಾರಣ ಅಷ್ಟೇ.

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ಎಂದಿಟ್ಟುಕೊಳ್ಳಿ. 80ರ ವೇಗದಲ್ಲಿ 45 ನಿಮಿಷ, ಸುಮಾರು 7 ಯುನಿಟ್. 100ರ ವೇಗದಲ್ಲಿ 36 ನಿಮಿಷ, ಸುಮಾರು 9 ಯುನಿಟ್. ಒಂಬತ್ತು ನಿಮಿಷ ಉಳಿಸಲು ಎರಡು ಯುನಿಟ್ ತೆತ್ತಂತಾಯಿತು. ಆ ಎರಡು ಯುನಿಟ್ 60ರ ವೇಗದಲ್ಲಿ 22 ಕಿ.ಮೀ. ಓಡಿಸುತ್ತಿದ್ದವು. ಆಸ್ಪತ್ರೆಗೆ ಹೋಗುವ ಅವಸರದಲ್ಲಿ ಒಂಬತ್ತು ನಿಮಿಷ ದೊಡ್ಡದು, ಮದುವೆ ಊಟಕ್ಕೆ ಹೋಗುವಾಗ ಎರಡು ಯುನಿಟ್ ದೊಡ್ಡದು. ಯಾವುದು ದೊಡ್ಡದು ಎಂದು ನಿರ್ಧರಿಸುವುದು ಚಾಲಕರ ಕೆಲಸ. ಆ್ಯಪ್ ಬೆಲೆಯನ್ನಷ್ಟೇ ಹೇಳುತ್ತದೆ.

ಗಾಳಿಯ ವಿಷಯ ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ನೈಋತ್ಯದಿಂದ ಬೀಸುವ ಗಾಳಿಗೆ ನಿಂತ ಸ್ಕೂಟರುಗಳೂ ಉರುಳುತ್ತವೆ. ಲಕ್ಷ್ಮೇಶ್ವರ ಗದಗಿನಿಂದ ನೈಋತ್ಯಕ್ಕೇ ಇದೆ. ಹಾಗಾಗಿ ಆ ತಿಂಗಳುಗಳಲ್ಲಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. 60ರ ವೇಗದಲ್ಲಿ ಹೋಗುವ ಕಾರಿಗೆ 20 ಕಿ.ಮೀ. ವೇಗದ ಎದುರುಗಾಳಿ ಬಂದರೆ, ಗಾಳಿಯ ಮಟ್ಟಿಗೆ ಅದು 80ರಲ್ಲಿ ಓಡಿದಂತೆ. ಗಾಳಿಯ ತಡೆ ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ಏರುತ್ತದೆ, 11 ಇದ್ದ ಎವರೇಜ್ ಎಂಟೂವರೆಗೆ ಇಳಿಯುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿದ್ದು 14ರ ತನಕ ಏರಬಹುದು. ಎರಡೂ ಕೂಡಿ ಸರಿಹೋಯಿತಲ್ಲ ಎನಿಸಬಹುದು. ಹೋಗಿಬರುವ ಒಟ್ಟು ಖರ್ಚು ತೆಗೆದರೆ ಗಾಳಿಯಿಲ್ಲದ ದಿನಕ್ಕಿಂತ ಅದು ತುಸು ಹೆಚ್ಚೇ ಬರುತ್ತದೆ. ಎದುರುಗಾಳಿ ಕಸಿದುಕೊಂಡದ್ದನ್ನು ಬೆನ್ನುಗಾಳಿ ಪೂರ್ತಿ ಮರಳಿಸುವುದಿಲ್ಲ. ಪಟ್ಟೆತಲೆಯ ಹೆಬ್ಬಾತುಗಳು ಮಾಗಡಿ ಕೆರೆಗೆ ಬಂದಿಳಿಯುವ ಚಳಿಗಾಲದಲ್ಲಿ ಗಾಳಿ ಮೂಡಣ ದಿಕ್ಕಿಗೆ ತಿರುಗಿ ಸಣ್ಣದಾಗುತ್ತದೆ. ಆಗ ಲೆಕ್ಕ ತಿರುವುಮುರುವು. ಒಂದೇ ಕಾರು, ಒಂದೇ ರಸ್ತೆ, ಒಂದೇ ಚಾಲಕ ಇದ್ದರೂ ಜುಲೈಗೂ ಡಿಸೆಂಬರಿಗೂ ಎವರೇಜ್ ಒಂದೇ ಅಲ್ಲ.

ಮುಂಡರಗಿ ಕಡೆಗೆ ಹೊರಟರೆ ಏರಿಳಿತದ ಮಾತು ಬರುತ್ತದೆ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಮುಂಡರಗಿ ದಾಟಿ ಕೊರ್ಲಹಳ್ಳಿಯ ಹತ್ತಿರ ತುಂಗಭದ್ರೆಯ ದಂಡೆಗೆ ಬಂದರೆ ಎತ್ತರ 500 ಮೀಟರಿನ ಆಸುಪಾಸು. ಅಂದರೆ ಒಟ್ಟು 150 ಮೀಟರಿನಷ್ಟು ಇಳಿಜಾರು. 1,400 ಕಿಲೋ ತೂಕವನ್ನು 150 ಮೀಟರ್ ಮೇಲೆತ್ತಲು ಅರ್ಧ ಯುನಿಟ್‌ಗಿಂತ ತುಸು ಹೆಚ್ಚು ಬೇಕು. ಸುಮಾರು 50 ಕಿ.ಮೀ. ದಾರಿಗೆ 5 ಯುನಿಟ್ ಎಂದಿಟ್ಟುಕೊಂಡರೆ, ಹೊಳೆಗೆ ಇಳಿಯುವಾಗ ನಾಲ್ಕೂವರೆಯಲ್ಲಿ ಮುಗಿಯುತ್ತದೆ, ಗದಗಿಗೆ ಏರುವಾಗ ಐದೂವರೆ ದಾಟುತ್ತದೆ. ಹೋಗುವಾಗ ಮಿಕ್ಕ ಚಾರ್ಜ್ ನೋಡಿ ‘ಇನ್ನೂ ಬೇಕಾದಷ್ಟೈತಿ’ ಎಂದು ಹಡಗಲಿಯ ಕಡೆ ಇನ್ನಷ್ಟು ದೂರ ಹೋದವರಿಗೆ ಮರಳುವಾಗ ಎದೆ ಹೊಡೆದುಕೊಳ್ಳುವುದು ಇದೇ ಕಾರಣಕ್ಕೆ. ಡ್ಯಾಶ್‌ಬೋರ್ಡ್ ತೋರಿಸುವ ‘ಇನ್ನು ಇಷ್ಟು ಕಿ.ಮೀ.’ ಎಂಬ ಅಂಕಿ ಬಹುಮಟ್ಟಿಗೆ ಈಗ ತಾನೇ ಓಡಿಸಿದ ರೀತಿಯನ್ನು ನಂಬಿ ಮಾಡಿದ ಅಂದಾಜು. ಮುಂದೆ ಏರು ಇದೆ ಎಂಬುದು ನಿಮಗೆ ಗೊತ್ತು, ಹೆಚ್ಚಿನ ಗಾಡಿಗಳಿಗೆ ಗೊತ್ತಿರುವುದಿಲ್ಲ.

ಇನ್ನು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಎಸಿ ಇಲ್ಲದೆ ಕಾರಿನಲ್ಲಿ ಕೂರಲಾಗದು. ಎಸಿ ಸರಾಸರಿ ಒಂದು ಕಿಲೋವ್ಯಾಟ್ ಎಳೆಯಿತೆಂದರೆ ತಾಸಿಗೆ ಒಂದು ಯುನಿಟ್. ಹೈವೇಯಲ್ಲಿ ಆ ತಾಸಿನೊಳಗೆ 60 ಕಿ.ಮೀ. ದಾಟಿರುತ್ತೀರಿ. ಬೆಟಗೇರಿಯ ಸಂತೆಯ ಸಂದಣಿಯಲ್ಲಿ ಅದೇ ತಾಸಿಗೆ 20 ಕಿ.ಮೀ. ದಾಟುವುದೂ ಕಷ್ಟ. ಹಾಗಾಗಿ ಕಿಲೋಮೀಟರಿನ ಲೆಕ್ಕದಲ್ಲಿ ಎಸಿ ದುಬಾರಿಯಾಗುವುದು ಊರೊಳಗೆ, ಹೈವೇಯಲ್ಲಲ್ಲ. ಪೆಟ್ರೋಲ್ ಕಾರಿನ ರೂಢಿಯಿಂದ ಹೈವೇಯಲ್ಲಿ ಎಸಿ ಆರಿಸಿ ಗಾಜು ಇಳಿಸಿಕೊಂಡು ಹೋಗುವವರು ತಾಸಿಗೆ ಒಂದು ಯುನಿಟ್ ಉಳಿಸಲು ಹೋಗಿ, ತೆರೆದ ಗಾಜಿನಿಂದ ಗಾಳಿಯ ತಡೆಯನ್ನೂ ಹೆಚ್ಚಿಸಿಕೊಳ್ಳುತ್ತಾರೆ.

ಮನೆಯಲ್ಲಿ ಚಾರ್ಜ್ ಹಾಕುವಾಗಲೂ ಅಂಕಿ ನೋಡುವುದು ಲಾಭ. 15 ಆಂಪಿಯರಿನ ಸಾಕೆಟ್‌ನಿಂದ, 230 ವೋಲ್ಟ್ ಸರಿಯಾಗಿ ಬಂದರೆ, ತಾಸಿಗೆ ಮೂರು ಯುನಿಟ್‌ನಷ್ಟು ಏರುತ್ತದೆ. ಸಂಜೆ ಎಲ್ಲ ಮನೆಗಳ ದೀಪ, ಮಿಕ್ಸರ್, ಟಿವಿ ಹತ್ತಿ ವೋಲ್ಟೇಜ್ 190ಕ್ಕೆ ಇಳಿದರೆ ಚಾರ್ಜಿನ ವೇಗವೂ ಅಷ್ಟೇ ಪಾಲು ಇಳಿಯುತ್ತದೆ. ಅದೇ ಚಾರ್ಜನ್ನು ರಾತ್ರಿ ಹನ್ನೊಂದರ ಮೇಲೆ ಹಾಕಿ, ಎರಡು ದಿನದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಚಾರ್ಜರ್ ಹಚ್ಚಿದ ಕೂಡಲೇ ನಿಂತುಬಿಡುತ್ತಿದ್ದರೆ ಹಲವು ಮನೆಗಳಲ್ಲಿ ತಪ್ಪು ಕಾರಿನದಲ್ಲ, ಅರ್ಥಿಂಗ್‌ನದು. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅದನ್ನು ಮೊದಲು ಸರಿಮಾಡಿಸಬೇಕು. ಇನ್ನೊಂದು ನೆನಪಿಡಬೇಕಾದ ಸಂಗತಿ: ಆ್ಯಪ್ ಹೇಳುವುದು ಬ್ಯಾಟರಿಯೊಳಗೆ ಸೇರಿದ ಯುನಿಟ್, ಬಿಲ್ ಬರುವುದು ಗೋಡೆಯಿಂದ ಹೊರಟ ಯುನಿಟ್‌ಗೆ. ನಡುವೆ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಶಾಖವಾಗಿ ಹೋಗುತ್ತದೆ. ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕುವವರು ಗೋಡೆಯ ಮೀಟರನ್ನೇ ನಂಬಬೇಕು.

ಬ್ಯಾಟರಿಯ ಆರೋಗ್ಯ

ವಿದ್ಯುತ್ ಕಾರಿನಲ್ಲಿ ಅತಿ ದುಬಾರಿ ವಸ್ತು ಬ್ಯಾಟರಿ. ಅದರ ಆರೋಗ್ಯ ಹೊರಗಿನಿಂದ ಕಾಣುವುದಿಲ್ಲ. ಪರದೆಯ ಮೇಲಿನ ಶೇಕಡಾವಾರು ಕೂಡ ಅಳತೆಯಲ್ಲ, ಅಂದಾಜು. ಹಿಂದೆ ನಮ್ಮ ರೈತರು ಹಗೇವಿನಲ್ಲಿ ಜೋಳ ತುಂಬಿ ಮುಚ್ಚಿದ ಮೇಲೆ ಒಳಗೆ ಎಷ್ಟಿದೆ ಎಂದು ಹೇಳುತ್ತಿದ್ದುದು ಇಣುಕಿ ನೋಡಿ ಅಲ್ಲ, ಹಾಕಿದ ಚೀಲ, ತೆಗೆದ ಚೀಲಗಳ ಲೆಕ್ಕದಿಂದ. ಬ್ಯಾಟರಿಯ ಕಂಪ್ಯೂಟರ್ ಮಾಡುವುದೂ ಅದನ್ನೇ, ಒಳಹೋದ ಕರೆಂಟು ಮತ್ತು ಹೊರಬಂದ ಕರೆಂಟಿನ ಲೆಕ್ಕ ಇಡುತ್ತದೆ. ಸಣ್ಣ ತಪ್ಪುಗಳು ಕೂಡುತ್ತ ಹೋಗಿ ಲೆಕ್ಕ ಜಾರುತ್ತದೆ. ಈಗ ಬಹಳ ಕಾರುಗಳಲ್ಲಿ ಬರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ಅರ್ಧ ತುಂಬಿದಾಗಲೂ ಮುಕ್ಕಾಲು ತುಂಬಿದಾಗಲೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರುವುದರಿಂದ ಆ ಜಾರುವಿಕೆ ಬೇಗ ಗೊತ್ತಾಗುವುದಿಲ್ಲ. ಆಗಾಗ ಪೂರ್ತಿ ನೂರಕ್ಕೆ ಚಾರ್ಜ್ ಮಾಡಿ ಎಂದು ಅಂಥ ಗಾಡಿಗಳ ಕೈಪಿಡಿ ಹೇಳುವುದು ಲೆಕ್ಕ ಸರಿಪಡಿಸಿಕೊಳ್ಳಲು.

ಆರೋಗ್ಯವನ್ನು ನೀವೇ ಅಂದಾಜು ಮಾಡಬಹುದು. 24 ಯುನಿಟ್ ಬ್ಯಾಟರಿಯನ್ನು ಶೇ 90ರಿಂದ ಶೇ 20ಕ್ಕೆ ಇಳಿಸಿದರೆ 16.8 ಯುನಿಟ್ ಹೊರಬರಬೇಕು. ಲೈವ್ ಅಂಕಿಗಳ ಮೊತ್ತ 14.7 ಎಂದಷ್ಟೇ ಬಂದರೆ ಬ್ಯಾಟರಿ ಮೊದಲಿನ ಶೇ 87-88ರಷ್ಟಕ್ಕೆ ಇಳಿದಿದೆ ಎಂದು ತಿಳಿಯಬಹುದು. ಒಂದು ಸಲದ ಲೆಕ್ಕವನ್ನು ನಂಬಬಾರದು, ಬೇರೆಬೇರೆ ದಿನ ಮಾಡಿ ಸರಾಸರಿ ತೆಗೆಯಬೇಕು. ಡಾಂಗಲ್ ಇದ್ದವರು ಇನ್ನೊಂದು ಅಂಕಿಯನ್ನೂ ನೋಡಬಹುದು, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ಸೆಲ್‌ಗಳ ನಡುವಿನ ಅಂತರ. ಏರಿನಲ್ಲಿ ಜೋರಾಗಿ ಎಳೆಯುವಾಗ ಪ್ರತಿ ಸಲವೂ ಅದೇ ಒಂದು ಸೆಲ್ ಉಳಿದವುಗಳಿಗಿಂತ ಬಹಳ ಕೆಳಗೆ ಕುಸಿಯುತ್ತಿದ್ದರೆ ಸರ್ವಿಸ್ ಸೆಂಟರಿಗೆ ತೋರಿಸುವ ಹೊತ್ತು ಬಂದಿದೆ ಎಂದರ್ಥ. ಜಪಾನಿನ ನಿಸ್ಸಾನ್ ಲೀಫ್ ಕಾರಿಗೆ ಹವ್ಯಾಸಿಗಳು ಲೀಫ್ ಸ್ಪೈ ಎಂಬ ಆ್ಯಪ್ ಕಟ್ಟಿದ ಮೇಲೆ, ಹೊರದೇಶಗಳಲ್ಲಿ ಸೆಕೆಂಡ್ ಹ್ಯಾಂಡ್ ಲೀಫ್ ಕೊಳ್ಳುವವರು ಮೊದಲು ಅದನ್ನು ಹಚ್ಚಿ ನೋಡಿಯೇ ದರ ಮಾತಾಡುವುದು ರೂಢಿಯಾಯಿತು. ನಮ್ಮಲ್ಲಿಯೂ ಹಳೆಯ ವಿದ್ಯುತ್ ಕಾರುಗಳ ವ್ಯಾಪಾರ ಶುರುವಾಗಿದೆ. ಬಣ್ಣ, ಟೈರ್, ಸೀಟ್ ಕವರ್ ನೋಡಿ ದರ ಕಟ್ಟುವ ಪದ್ಧತಿ ಇಲ್ಲಿ ನಡೆಯದು.

ಅಂಕಿಗಳ ಒಡೆಯರು ಯಾರು?

ಕಂಪನಿಯ ದಾರಿಯಲ್ಲಿ ಹೋಗುವ ಅಂಕಿಗಳ ಜೊತೆಗೆ ನಮ್ಮ ತಿರುಗಾಟದ ಇತಿಹಾಸವೂ ಹೋಗುತ್ತದೆ. 2016ರ ಫೆಬ್ರುವರಿಯಲ್ಲಿ ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ಭದ್ರತಾ ತಜ್ಞರು ಲೀಫ್ ಕಾರಿನ ಅಧಿಕೃತ ಆ್ಯಪ್‌ನಲ್ಲಿದ್ದ ದೋಷವನ್ನು ಬಯಲಿಗೆಳೆದರು. ಮುಂಗಾಜಿನ ಮೂಲೆಯಲ್ಲಿ ಎಲ್ಲರಿಗೂ ಕಾಣುವ ಗಾಡಿಯ ಗುರುತಿನ ಸಂಖ್ಯೆ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಬೇರೆ ದೇಶದಲ್ಲಿ ಕೂತು ಆ ಕಾರಿನ ಎಸಿ ಹಚ್ಚಬಹುದಿತ್ತು, ಪ್ರಯಾಣದ ವಿವರ ನೋಡಬಹುದಿತ್ತು. ಕಂಪನಿ ಆ ಸೇವೆಯನ್ನು ಕೆಲ ಕಾಲ ನಿಲ್ಲಿಸಬೇಕಾಯಿತು.

ಹೊರಗಿನವರ ಮಾತು ಬಿಡಿ, ಮನೆಯವರದೂ ಒಂದು ಪ್ರಶ್ನೆಯೇ. ಬಾಡಿಗೆ ಗಾಡಿ ಓಡಿಸುವ ಚಾಲಕರಿಗೆ ಮಾಲೀಕರ ಫೋನ್ ಬರುತ್ತದೆ: ‘ಯಾಕಪಾ, ಶಿರಹಟ್ಟ್ಯಾಗ ಅರ್ಧಾ ತಾಸು ನಿಂತೀ?’ ಫಕೀರೇಶ್ವರ ಮಠದ ಮುಂದೆ ಇಳಿದು ಕೈಮುಗಿದು ಬಂದದ್ದಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ಮಾಲೀಕರಿಗೆ ಗಾಡಿಯ ಬ್ಯಾಟರಿ ತಿಳಿಯುವ ಹಕ್ಕಿದೆ. ಚಾಲಕನ ಪ್ರತಿ ನಿಮಿಷ ತಿಳಿಯುವ ಹಕ್ಕು ಅದರೊಳಗೆ ಸೇರಿದೆಯೇ ಎಂಬುದನ್ನು ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಮ್ಮ ಬಗ್ಗೆ ಏನು ಸಂಗ್ರಹಿಸಿದ್ದೀರಿ ಎಂದು ಕೇಳುವ, ಅಳಿಸಿ ಎಂದು ಹೇಳುವ ಹಕ್ಕನ್ನು ಆ ಕಾಯ್ದೆ ಬರೆದಿಟ್ಟಿದೆ.

ಯುರೋಪ್ ಇನ್ನೂ ಮುಂದೆ ಹೋಗಿದೆ. ಅಲ್ಲಿ 2025ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ದತ್ತಾಂಶ ಕಾನೂನಿನಂತೆ, ಇಂಟರ್‌ನೆಟ್‌ಗೆ ಜೋಡಿಸಿದ ವಸ್ತು ಹುಟ್ಟಿಸುವ ಅಂಕಿಗಳು ಅದನ್ನು ಬಳಸುವವರಿಗೂ ಸಿಗಬೇಕು. 2027ರ ಫೆಬ್ರುವರಿಯಿಂದ ಪ್ರತಿ ವಿದ್ಯುತ್ ವಾಹನದ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಬರಬೇಕು. 2017ರಲ್ಲೇ ದೇಶಕ್ಕೆ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಬ್ಯಾಟರಿಯ ಆರೋಗ್ಯದ ಅಂಕಿ ಮಾಲೀಕರ ಕಣ್ಣಿಗೆ ಬೀಳಲೇಬೇಕು, ಅದಕ್ಕೆ ಚಂದಾ ಕೇಳಬಾರದು ಎಂಬ ಒಂದು ಸಾಲನ್ನು ಅಂಥ ನೀತಿಗೆ ಸೇರಿಸಲು ಬೆಂಗಳೂರು ಹಿಂದೆಮುಂದೆ ನೋಡಬೇಕಿಲ್ಲ.

ಸರ್ಕಾರ ಮಾಡುವ ತನಕ ಕಾಯದೆ ನಾವೇ ಮಾಡಬಹುದಾದ ಕೆಲಸವೂ ಒಂದಿದೆ. ಒಬ್ಬರ ಕಾರಿನ ಅಂಕಿ ಒಬ್ಬರಿಗೆ ಮಾತ್ರ ಉಪಯೋಗ. ಸಾವಿರಾರು ಕಾರುಗಳ ಅಂಕಿ ಕೂಡಿದಾಗ ಅದರ ಬೆಲೆ ಕಂಪನಿಗೆ ಚೆನ್ನಾಗಿ ಗೊತ್ತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದು, ಒಬ್ಬೊಬ್ಬರ ಕೈಯಲ್ಲಿದ್ದ ಅಲ್ಪವನ್ನು ಕೂಡಿಸಿದರೆ ಎಲ್ಲರಿಗೂ ಆಗುತ್ತದೆ ಎಂಬ ತಿಳಿವಳಿಕೆಯಿಂದ. ಜಿಲ್ಲೆಯ ವಿದ್ಯುತ್ ವಾಹನದವರು ಗದಗ-ಲಕ್ಷ್ಮೇಶ್ವರ, ಗದಗ-ಮುಂಡರಗಿ, ಗದಗ-ಶಿರಹಟ್ಟಿ ದಾರಿಗಳಿಗೆ ತಿಂಗಳುವಾರು ಯುನಿಟ್ ಲೆಕ್ಕವನ್ನು ಒಂದು ಪಟ್ಟಿಯಲ್ಲಿ ಬರೆದಿಡಬಹುದು. ಅದರಲ್ಲಿ ಹೆಸರು ಬೇಡ, ಗಾಡಿ ನಂಬರ್ ಬೇಡ, ಗಾಡಿಯ ಮಾದರಿ, ತಿಂಗಳು, ಕಿಲೋಮೀಟರ್, ಯುನಿಟ್ ಇಷ್ಟೇ ಸಾಕು. ಹೊಸದಾಗಿ ಕೊಳ್ಳುವವರಿಗೆ ಯಾವ ಜಾಹೀರಾತಿಗಿಂತಲೂ ಅದು ನಂಬಿಕೆಯ ಮಾತಾಗುತ್ತದೆ. ಚಾರ್ಜಿಂಗ್ ಕೇಂದ್ರ ಎಲ್ಲಿ ಬೇಕು ಎಂದು ಹೆಸ್ಕಾಂ ಮುಂದೆ ಹೇಳಲೂ ಆಧಾರ ಸಿಗುತ್ತದೆ.

ಕೊನೆಗೆ ಮೂರು ಮಾತು. ಓಡಿಸುವಾಗ ಫೋನ್ ಕೈಯಲ್ಲಿರಬಾರದು. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಂತೆ ಅದು ಅಪಾಯಕಾರಿ ಚಾಲನೆ, ಮೊದಲ ಸಲಕ್ಕೇ ಒಂದರಿಂದ ಐದು ಸಾವಿರ ರೂಪಾಯಿ ದಂಡ, ಜೈಲೂ ಆಗಬಹುದು. ಅಂಕಿಗಳನ್ನು ಆ್ಯಪ್ ದಾಖಲಿಸಿಕೊಳ್ಳಲಿ, ನೀವು ಊರು ಮುಟ್ಟಿದ ಮೇಲೆ ಓದಿ. ಹಳೆಯ ವಿದ್ಯುತ್ ಗಾಡಿ ಕೊಳ್ಳುವುದಾದರೆ ಬ್ಯಾಟರಿ ಆರೋಗ್ಯದ ವರದಿ ಕೈಗೆ ಬರದೆ ಮುಂಗಡ ಕೊಡಬೇಡಿ. ನಿಮ್ಮ ಗಾಡಿ ಮಾರುವುದಾದರೆ ಕಂಪನಿಯ ಆ್ಯಪ್‌ನಿಂದ ನಿಮ್ಮ ಹೆಸರು ತೆಗೆಸಿ, ಹಿಂದಿನ ಪ್ರಯಾಣಗಳ ದಾಖಲೆ ಅಳಿಸಿ, ಆಮೇಲೆ ಕೀಲಿ ಕೊಡಿ.